ಕೆ.ಆರ್. ಪುರಂ ಆಚೆಯ ಹಿಂದೂ ಮಹಾಸಾಗರ

ಇನ್ಶುರೆನ್ಸ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಈಗ ದೊಡ್ಡ ಹೋಟೆಲಿನಲ್ಲಿ ತರಬೇತಿ ಕೊಡುತ್ತಾರಂತೆ. ಗೋಡೆಯ ಮೇಲೆ ಚಿತ್ರ ಬಿಟ್ಟು, ನಡುನಡುವೆ ಚಪ್ಪಾಳೆ ಹೊಡೆಸಿ, ಗ್ರಾಹಕನೇ ದೇವರು ಎಂದು ಹೇಳಿಕೊಡುತ್ತಾರಂತೆ. ನಮ್ಮ ಕಾಲದಲ್ಲಿ ಗ್ರಾಹಕ ಬರೀ ಗ್ರಾಹಕನಾಗಿದ್ದ. ದೇವರು ಮಾಡಿಕೊಂಡರೆ ಒಂದು ಅನುಕೂಲವಿದೆ, ಒಪ್ಪುತ್ತೇನೆ: ದೇವರು ಕ್ಲೇಮ್ ಕೇಳಿಕೊಂಡು ಬರುವುದಿಲ್ಲ.

ನನ್ನ ಬಡ್ತಿಗಳ ಕಥೆ ಯಾರಿಗೂ ಬೇಡ. ಕೊಟ್ಟವರಿಗೇ ನೆನಪಿಲ್ಲ. ಅದರ ಬದಲು ಒಂದು ಪುಟ್ಟ ದೋಣಿಯ ಕಥೆ ಹೇಳುತ್ತೇನೆ. ವ್ಯಾಪಾರಕ್ಕಲ್ಲ, ಮೀನಿಗಲ್ಲ, ಭಾನುವಾರ ಹೆಂಡತಿ ಮಕ್ಕಳ ಜೊತೆ ಸುತ್ತಾಡಲು ಒಬ್ಬ ಕೊಂಡ ದೋಣಿ. ಅದಕ್ಕೆ ಯಾವ ಕವರ್ ಹಾಕಿಸಬೇಕು, ಯಾವುದನ್ನು ಬಿಡಬಹುದು ಎಂದು ನಾವು ಒಂದು ಬೆಳಗ್ಗೆ ಪೂರ್ತಿ ಜಗಳವಾಡಿದ್ದೆವು. ಆ ಜಗಳದ ಮೇಲೆ ಯಾದಗಿರಿ ಕಡೆಯ ಒಬ್ಬ ಹೆಂಗಸಿನ ಬಲಗೈ ನಿಲ್ಲುತ್ತದೆ ಎಂದು ಯಾರಿಗೂ ಆಗ ಗೊತ್ತಿರಲಿಲ್ಲ. ಆ ಕೈಯಲ್ಲಿ ಆಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅದರಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಮರ್ಫಿ ಟೌನಿನವಳು. ಅಪ್ಪ ಗಾರೆ ಕೆಲಸ, ಅಮ್ಮ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಪ್ರಾಣಿ ನಾನು. ಹಗಲು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿ ಬಿಸಾಕಿದ ಸೀರೆ ಮಡಚಿ, ಸಂಜೆ ಕಾಲೇಜಿನಲ್ಲಿ ನಿದ್ದೆ ತಡೆದು ಬಿ.ಕಾಂ. ಮುಗಿಸಿದೆ. ಕಪ್ಪು ಗೌನು ತೊಟ್ಟ ಫೋಟೊ ನೋಡಿ ಅಮ್ಮ, "ಲೆಕ್ಕದ್ ಓದು ಅಂದೆ, ಲಾಯರ್ ಆಗ್ಬಂದ್ಯಾ?" ಎಂದಳು. ಆ ಫೋಟೊ ಈಗಲೂ ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ಇದೆ. ಬಂದವರು ಅದನ್ನು ನೋಡದೆ ಕಾಫಿ ಕುಡಿದು ಹೋಗಲು ನಾನು ಬಿಡುವುದಿಲ್ಲ.

ಪರೀಕ್ಷೆ ಬರೆದು ಒಂದು ಇನ್ಶುರೆನ್ಸ್ ಕಂಪನಿಗೆ ಸೇರಿದೆ. ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ಬ್ರಾಂಚು. ಪಾಲಿಸಿ ಎಂಬುದು ಇಂಗ್ಲಿಷಿನಲ್ಲಿರುತ್ತದೆ. ಅದೂ ಇಂಗ್ಲಿಷ್ ಬಲ್ಲವರಿಗೂ ತಿಳಿಯದ ಇಂಗ್ಲಿಷು. ಅಪ್ಪ, ತಾತ ಓದಿದ್ದ ಮನೆಗಳಿಂದ ಬಂದ ಸಹೋದ್ಯೋಗಿಗಳು ಅದನ್ನು ಓದದೆಯೇ ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು. ನನಗೆ ಆ ಸಂಸ್ಕಾರವಿರಲಿಲ್ಲ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲೂ ಓದುತ್ತಿದ್ದೆ. ಹಾಗೆ ಓದುವುದನ್ನು ಕಂಡು ಆಗಿನ ಮ್ಯಾನೇಜರು, ಇವಳಿಗೆ ಬಿಡುವು ಜಾಸ್ತಿ ಇದೆ ಎಂದುಕೊಂಡು ಮರೈನ್ ಸೀಟು ಕೊಟ್ಟರು.

ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ಇಲಾಖೆ. ಅಂಗಡಿಯವರ ಬಟ್ಟೆ ಬೇಲುಗಳು ಲಾರಿಯಲ್ಲಿ ಬಂದರಿಗೆ ಹೋಗಿ ಹಡಗು ಹತ್ತುವುದಕ್ಕೆ ಪಾಲಿಸಿ ಮಾಡುವುದು ನನ್ನ ಕೆಲಸ. ಒಮ್ಮೆ ಹಡಗಿನಲ್ಲಿ ನೆನೆದ ಬಟ್ಟೆಯ ಕ್ಲೇಮ್ ಬಂತು. ಹೋಲಿಸಿ ನೋಡಲೆಂದು ಅದೇ ಬಟ್ಟೆಯ ಒಣ ತಾನೊಂದನ್ನು ತರಿಸಿ ಆಫೀಸಿನ ಬೀರುವಿನಲ್ಲಿಟ್ಟೆವು. ಮಳೆ ಬಂತು, ನಮ್ಮ ಚಾವಣಿ ಸೋರಿತು, ಎರಡೂ ತಾನು ಒಂದೇ ಬಣ್ಣಕ್ಕೆ ತಿರುಗಿದವು. ಏಳು ಸಮುದ್ರ ದಾಟಿ ಬರಬಹುದಾಗಿದ್ದ ಬಟ್ಟೆ ನಮ್ಮ ಬೀರುವಿನಲ್ಲಿ ಮುಳುಗಿತು. ಆ ಕ್ಲೇಮ್ ಮಾತ್ರ ಬೇಗ ಪಾಸಾಯಿತು. ಚಾವಣಿಯ ವಿಷಯ ಮೇಲಿನವರಿಗೆ ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನ ಕೊನೆಯ ವರ್ಷಗಳಲ್ಲಿ ಬಂದ ಮ್ಯಾನೇಜರು ಶ್ರೀಕಂಠ ಸರ್. ಕೆಟ್ಟ ಮನುಷ್ಯರಲ್ಲ. ಹಿಂದೆ ಯಾವುದೋ ಬಂದರಿನ ಊರಿನಲ್ಲಿ ಕೆಲವು ತಿಂಗಳು ಇದ್ದು ಬಂದಿದ್ದರು. ಅಂದಿನಿಂದ ಅವರ ಬಾಯಿಂದ ಉಪ್ಪುನೀರು ಇಳಿದಿರಲಿಲ್ಲ. "ನಾನು ಪೋರ್ಟ್ ನೋಡಿದವನು ಕಣ್ರೀ" ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಇನ್ನೊಂದು ಶಿಸ್ತು ಅವರದು: ಆಯುಧ ಪೂಜೆ. ರಜೆಯ ಹಿಂದಿನ ದಿನ ಆಫೀಸಿನಲ್ಲಿ ಕಂಪ್ಯೂಟರಿಗೆಲ್ಲ ಅರಿಶಿನ ಕುಂಕುಮ. ಮಂಗಳಾರತಿ ಆಯಿತೋ, ಆಮೇಲೆ ಕೀಬೋರ್ಡಿಗೆ ಬೆರಳು ತಾಗಿಸುವಂತಿಲ್ಲ. "ಪೂಜೆಗಿಟ್ಟ ಆಯುಧಕ್ಕೆ ವಿಶ್ರಾಂತಿ" ಎನ್ನುತ್ತಿದ್ದರು. ಒಮ್ಮೆ ಆರತಿ ಮುಗಿದ ಮೇಲೆ ಒಬ್ಬರು ಪಾಲಿಸಿ ರಿನ್ಯೂವಲ್ ಎಂದು ಓಡಿ ಬಂದರು. ಶ್ರೀಕಂಠ ಸರ್ ಕೈಗೆ ಸಿಹಿ ಬೂಂದಿ ಕೊಟ್ಟು ವಾಪಸ್ ಕಳಿಸಿದರು. ಉಳಿದ ದಿನಗಳಲ್ಲಿ ನಾವು ಕೀಬೋರ್ಡನ್ನು ಎಷ್ಟು ಮುಟ್ಟುತ್ತಿದ್ದೆವು ಎಂಬುದು ಬೇರೆ ಮಾತು.

ಇನ್ನು ದೋಣಿ. ಅದರ ಮಾಲೀಕ ವೇಲು, ನಮ್ಮ ಗಲ್ಲಿಯವನೇ, ನನಗಿಂತ ಚಿಕ್ಕವನು. ಶಾಮಿಯಾನ, ಕುರ್ಚಿ, ದೊಡ್ಡ ಪಾತ್ರೆ ಬಾಡಿಗೆಗೆ ಕೊಡುತ್ತ ಶುರು ಮಾಡಿದವನು ಮದುವೆ ಅಡುಗೆಯ ಕಾಂಟ್ರಾಕ್ಟಿಗೆ ಬಂದು ನಿಂತಿದ್ದ. ಒಂದು ಬೆಳಗ್ಗೆ ನನ್ನ ಟೇಬಲ್ಲಿನ ಎದುರು ಕೂತು ಫೋನಿನಲ್ಲಿ ಫೋಟೊ ತೋರಿಸಿದ. ಫೈಬರಿನ ಬಿಳಿ ದೋಣಿ, ಹಿಂದೆ ಸಣ್ಣ ಮೋಟರು, ನಾಲ್ಕೈದು ಜನ ಕೂರಬಹುದು.

"ಏನೋ ಇದು?"

"ದೋಣಿ ಅಕ್ಕಾ. ಇಂದಿರಾನಗರದಲ್ಲಿ ಒಬ್ರು ಊರು ಬಿಟ್ಟು ಹೋಗ್ತಿದ್ರು, ಕೊಟ್ಬಿಟ್ರು. ಭಾಮೈದನ ಊರಲ್ಲಿ ಕೆರೆ ಐತಲ್ಲ, ಕೆ.ಆರ್. ಪುರಂ ಆಚೆ, ಪಂಚಾಯ್ತಿಯವ್ರು ಪರ್ಮಿಷನ್ನೂ ಕೊಟ್ಟವ್ರೆ."

"ಮದುವೆ ಗಂಡನ್ನ ದೋಣೀಲಿ ಕರ್ಕೊಂಡ್ ಬರೋಕಾ?"

"ಥೂ, ದುಡಿಮೆ ಬೇಡ ಇದ್ರಲ್ಲಿ. ಸುಮ್ನೆ ಸುತ್ತೋಕೆ. ನೆನಪಿಲ್ವಾ ಅಕ್ಕಾ, ಹಲಸೂರು ಕೆರೆ ಕಂಬಿ ಹಿಡ್ಕೊಂಡು ನಿಂತ್ಕೊಳ್ತಿದ್ವಲ್ಲ? ದೋಣೀಲಿ ಹೋಗೋರು ನಮಗೇ ಕೈ ಬೀಸ್ತಾರೆ ಅಂತ ನೀನು ಹೇಳ್ತಿದ್ದೆ."

ನೆನಪಿತ್ತು. ಕೈ ಬೀಸುತ್ತಿದ್ದುದು ನಮಗಲ್ಲ, ಆಚೆ ಬದಿಯಲ್ಲಿ ನಿಂತ ಅವರ ಮನೆಯವರಿಗೆ ಎಂದು ಆಗಲೇ ನನಗೆ ಗೊತ್ತಿತ್ತು. ಅವನಿಗೆ ಹೇಳಿರಲಿಲ್ಲ.

ಅವನಿಗೆ ಬೇಕಾದ ಕವರ್ ಎರಡೇ. ಮೋಟರು ಕದ್ದರೆ ಸಿಗಬೇಕು, ದೋಣಿ ಒಡೆದರೆ ಸಿಗಬೇಕು. ಇದನ್ನು ಗಮನಿಸಿ: ಮನುಷ್ಯ ಯಾವಾಗಲೂ ಹೊಳೆಯುವ ವಸ್ತುವಿಗೆ ಇನ್ಶುರೆನ್ಸ್ ಕೇಳುತ್ತಾನೆ. ಅದರೊಳಗೆ ಕೂರುವ ಮೈಗೆ ಕೇಳುವುದಿಲ್ಲ.

ನಾನು ದೋಣಿ ನೋಡಲು ಹೋದೆ. ಅದು ಅವನ ಗೋಡೌನಿನ ಮುಂದೆ ಎರಡು ಚಕ್ರದ ಟ್ರೇಲರ್ ಮೇಲೆ ಕೂತಿತ್ತು. ಒಳಗೆ ಪಕ್ಕದ ಮನೆಯವರು ಸಂಡಿಗೆ ಒಣಹಾಕಿದ್ದರು. ದೋಣಿ ವಾರದಲ್ಲಿ ಆರು ದಿನ ನೆಲದ ಮೇಲಿರುತ್ತದೆ. ಗಲ್ಲಿಯಲ್ಲಿ ನೀರಿನ ಟ್ಯಾಂಕರು ದಿನವೂ ಅದನ್ನು ಸವರಿಕೊಂಡು ಹೋಗುತ್ತದೆ. ಆದರೆ ಪಾಲಿಸಿಯಲ್ಲಿ ದೋಣಿ ನೀರಿನಲ್ಲಿದ್ದಾಗ ಮಾತ್ರ ಎಂದಿರುತ್ತದೆ. ಹಾಗಾಗಿ ನೆಲದ ಮೇಲೆ ನಿಂತಾಗ, ರಸ್ತೆಯಲ್ಲಿ ಎಳೆದೊಯ್ಯುವಾಗ ಎಂದು ಬೇರೆ ಸೇರಿಸಿದೆ. ಬೆಂಕಿ ಸೇರಿಸಿದೆ. ನೀರಿನಲ್ಲಿ ಬೆಂಕಿ ಹೇಗೆ ಎಂದು ಮುಂಬೈಯಿಂದ ಒಬ್ಬರು ಫೋನಿನಲ್ಲಿ ನಕ್ಕರು. ಅವರು ಬೆಂಗಳೂರಿನ ಕೆರೆಗಳನ್ನು ನೋಡಿರಲಿಲ್ಲ. ಎದುರಿಗೆ ಬಂದವರಿಗೆ ಪೆಟ್ಟಾದರೆ ಎಂಬುದನ್ನೂ ಸೇರಿಸಿದೆ, ಆ ಕೆರೆಯಲ್ಲಿ ಎದುರಿಗೆ ಬರುವುದು ಎಮ್ಮೆಗಳು ಮಾತ್ರ ಎಂದು ಗೊತ್ತಿದ್ದರೂ. ಕೊನೆಗೆ, ದೋಣಿ ಹತ್ತಿದವರಿಗೆ ಏಟಾದರೆ ಮಾಲೀಕನ ಪರವಾಗಿ ಕಂಪನಿ ಹೊಣೆ ಹೊರುವ ಕವರ್.

ಅಲ್ಲಿ ವೇಲು ಎದ್ದು ನಿಂತ. "ಇದ್ಯಾಕಕ್ಕಾ? ಹತ್ತೋರೆಲ್ಲ ನಮ್ಮೋರೇ. ಏಟಾದ್ರೆ ನಾನು ನೋಡ್ಕೊಳ್ಳಲ್ವಾ?"

"ನೋಡ್ಕೊಳ್ತೀಯ. ಕಿತ್ತಳೆಹಣ್ಣು ತಗೊಂಡು ಆಸ್ಪತ್ರೆಗೆ ಹೋಗಿ ನೋಡ್ಕೊಂಡು ಬರ್ತೀಯ."

"ನಿನ್ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?"

"ಒಳ್ಳೇ ಮಾತು ಬೇಕಾದ್ರೆ ಪುರೋಹಿತರ ಹತ್ರ ಹೋಗು. ಇದು ಇನ್ಶುರೆನ್ಸು. ಹಾಗೇ ನಿನ್ನ ಕೆಲಸದವರಿಗೂ ಒಂದು ಪಾಲಿಸಿ ಮಾಡ್ಸು. ಕೆಲಸದಲ್ಲಿ ಏಟಾದ್ರೆ ಈ ದೋಣಿ ಪಾಲಿಸಿ ಕೊಡಲ್ಲ, ಬರೆದಿದ್ದಾರೆ ನೋಡು."

"ಅದು ಮುಂದಿನ ತಿಂಗಳು ಅಕ್ಕಾ" ಎಂದ. ಇನ್ಶುರೆನ್ಸಿನಲ್ಲಿ ಮುಂದಿನ ತಿಂಗಳು ಎಂಬುದು ಪಂಚಾಂಗದಲ್ಲಿಲ್ಲದ ತಿಂಗಳು. ಆದರೂ ನನ್ನ ಬಾಯಿಗೆ ಹೆದರಿ ದೋಣಿಗೆ ಹತ್ತಿದವರ ಕವರ್ ಹಾಕಿಸಿದ.

ಹಿಂದೆ ಪಾಲಿಸಿಯನ್ನು ಟೈಪು ಹೊಡೆಯುತ್ತಿದ್ದೆವು. ತಪ್ಪು ನಮ್ಮದೇ ಆಗಿರುತ್ತಿತ್ತು. ಈಗ ಪೋರ್ಟಲ್ಲು. ತಪ್ಪನ್ನು ಮೊದಲೇ ಮಾಡಿ ಇಟ್ಟಿರುತ್ತಾರೆ, ನಾವು ಆರಿಸಿಕೊಂಡರೆ ಸಾಕು. ದೋಣಿ ಓಡುವ ನೀರು ಯಾವುದು ಎಂದು ಅದು ಕೇಳಿತು. ಒತ್ತಿದರೆ ಮೂರು ಉತ್ತರ: ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ, ಹಿಂದೂ ಮಹಾಸಾಗರ. ಕೆರೆ ಎಂಬ ಮಾತೇ ಇಲ್ಲ. ಸಹಾಯವಾಣಿಯ ಹುಡುಗಿ, "ಹತ್ತಿರದ್ದು ಯಾವುದೋ ಅದನ್ನ ಹಾಕಿ ಮೇಡಂ" ಎಂದಳು. ಶ್ರೀಕಂಠ ಸರ್ ಎದ್ದು ಬಂದು ನನ್ನ ಭುಜದ ಮೇಲಿನಿಂದ ನೋಡಿ, ಪೋರ್ಟ್ ನೋಡಿದವರ ಗಾಂಭೀರ್ಯದಿಂದ, "ಹಿಂದೂ ಮಹಾಸಾಗರ ಹಾಕ್ರೀ ಮುನಿಲಕ್ಷ್ಮಿ, ಅದರಲ್ಲಿ ಎಲ್ಲಾ ಬರುತ್ತೆ" ಎಂದರು. ಹಾಗೆ ಕೆ.ಆರ್. ಪುರಂ ಆಚೆಯ, ತೂಬಿನ ಹತ್ತಿರ ಸೊಂಟದಷ್ಟು ನೀರಿನ ಕೆರೆ ಹಿಂದೂ ಮಹಾಸಾಗರಕ್ಕೆ ಸೇರಿತು. ಕಡಲ್ಗಳ್ಳರ ಕಾಟಕ್ಕೂ ಕವರ್ ತಾನಾಗಿ ಬಂತು. ನಾನು ಷರಾ ಬರೆಯುವ ಜಾಗದಲ್ಲಿ ಕೆರೆಯ ಹೆಸರು, ಊರು, ಸ್ವಂತ ವಿಹಾರಕ್ಕೆ ಮಾತ್ರ ಎಂಬುದನ್ನು ಬರೆದು ಸೇರಿಸಿದೆ. ಹೊಸದಾಗಿ ಸೇರಿದವರೇ, ನೀವೂ ಬರೆಯಿರಿ. ಪೋರ್ಟಲ್ಲು ಕೇಳದಿದ್ದನ್ನು ಬರೆಯುವುದಕ್ಕೇ ನಿಮಗೆ ಸಂಬಳ.

ಆಯುಧ ಪೂಜೆ ಬಂತು. ವೇಲುವಿನ ಗೋಡೌನಿನಲ್ಲಿ ಅದು ಮದುವೆಗಿಂತ ಜೋರು. ಸೌಟು, ಈಳಿಗೆಮಣೆ, ಸುತ್ತಿಗೆ, ಕೊಪ್ಪರಿಗೆ ಎಲ್ಲ ತೊಳೆದು ಸಾಲಾಗಿಟ್ಟು ಕುಂಕುಮ ಹಚ್ಚುತ್ತಾರೆ. ಮಾರನೆಯ ದಿನ, ವಿಜಯದಶಮಿಯಂದು ಮತ್ತೆ ಪೂಜೆಯಾಗುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಗಾಡಿಗಳನ್ನು ಮಾತ್ರ ಪೂಜೆ ಆದ ಮೇಲೆ ಓಡಿಸಬಹುದು. ಈ ರಿಯಾಯಿತಿ ಯಾರು ಕೊಟ್ಟರೋ ಗೊತ್ತಿಲ್ಲ. ನಮ್ಮ ಪಾಲಿಸಿಗಳಲ್ಲೂ ಇಂಥ ರಿಯಾಯಿತಿಗಳಿಗೆ ಕಾರಣ ಇರುವುದಿಲ್ಲ.

ಆ ಸಲ ದೋಣಿಯನ್ನೂ ತೊಳೆದರು. ಇಂಥ ದೋಣಿಯ ತಳದಲ್ಲಿ ಹಿಂಬದಿಗೆ ಒಂದು ತೂತಿರುತ್ತದೆ, ಒಳಗೆ ಸೇರಿದ ನೀರು ಹೊರಗೆ ಬಿಡುವುದಕ್ಕೆ. ಅದಕ್ಕೊಂದು ಬಿರಡೆ. ತೊಳೆದ ನೀರು ಹೋಗಲಿ ಎಂದು ಬಿರಡೆ ಬಿಚ್ಚಿದರು. ಮುಂದಿನದನ್ನು ವೇಲು ದಸರಾ ರಜೆ ಮುಗಿದ ಬೆಳಗ್ಗೆ ನನ್ನೆದುರು ತಲೆ ತಗ್ಗಿಸಿ ಕೂತು ಹೇಳಿದ್ದು.

"ಹಿತ್ತಾಳೇದು ಅಕ್ಕಾ ಆ ಬೂಚು. ಉಜ್ಜಿದ್ಮೇಲೆ ಏನ್ ಹೊಳೀತು ಅಂತೀಯ! ನಮ್ಮತ್ತೆ ನೋಡಿ, ಇದೂ ಆಯುಧಾನೇ, ಇಡು ಪೂಜೆಗೆ ಅಂದ್ರು. ಇಟ್ವಿ. ಮಧ್ಯಾಹ್ನ ಊಟ ಆದ್ಮೇಲೆ ಟೆಂಪೋಗೆ ದೋಣಿ ಕಟ್ಕೊಂಡು ಎಲ್ರೂ ಕೆರೆಗೆ ಹೋದ್ವಿ. ಅಲ್ಲಿ ಇಳಿಸೋವಾಗ ಭಾಮೈದ ಕೇಳ್ದ, ಬೂಚ್ ಎಲ್ಲಿ ಅಂತ."

"ನೀನೇನಂದೆ?"

"ಪೂಜೇಲೈತೆ ಅಂದೆ."

"ವಾಪಸ್ ಹೋಗಿ ತರಬಾರದಾ?"

"ಟಿನ್ ಫ್ಯಾಕ್ಟರಿ ಸರ್ಕಲ್ ಟ್ರಾಫಿಕ್ಕಲ್ಲಾ ಅಕ್ಕಾ? ಅದೂ ಹಬ್ಬದ್ ದಿನ! ತಂದ್ರೂ ಮುಟ್ಟಂಗಿಲ್ಲ, ಅತ್ತೆ ಎದುರಿಗೇ ಅವ್ರೆ. ಚಕ್ರದ ಕೆಳಗಿಡೋಕೆ ತಂದ ನಿಂಬೆಹಣ್ಣು ಒಂದು ಮಿಕ್ಕಿತ್ತು. ಭಾಮೈದ ತೂತಿಗಿಟ್ಟು ಗುದ್ದಿದ. ಏನ್ ಫಿಟ್ಟು ಅಂತೀಯ, ಅಳತೆ ತೆಗ್ದು ಮಾಡ್ಸಿದಂಗಿತ್ತು!"

ನಿಂಬೆಹಣ್ಣು ದಡ ಬಿಡುವ ತನಕ ತನ್ನ ಕೆಲಸ ನಿಷ್ಠೆಯಿಂದ ಮಾಡಿತು. ಆಮೇಲೆ ಅದೂ ರಜೆ ತೆಗೆದುಕೊಂಡಿತು.

ಮೊದಲ ಸುತ್ತಿಗೆ ಆರತಿ ತಟ್ಟೆ ಹಿಡಿದು ಒಬ್ಬ ಮುತ್ತೈದೆ ದೋಣಿಯಲ್ಲಿ ಕೂರಬೇಕು ಎಂದು ಅತ್ತೆಯ ಇನ್ನೊಂದು ಆಜ್ಞೆ. ವೇಲುವಿನ ಹೆಂಡತಿಗೆ ನೀರೆಂದರೆ ಭಯ. ಹಾಗಾಗಿ ಶಾಂತವ್ವನನ್ನು ಕೂರಿಸಿದರು. ಯಾದಗಿರಿ ಕಡೆಯಿಂದ ಬಂದು, ಗಂಡನ ಜೊತೆ ಕೆ.ಆರ್. ಪುರಂನಲ್ಲಿ ಬಾಡಿಗೆ ರೂಮಿನಲ್ಲಿದ್ದ ಹೆಂಗಸು. ಈಗಿನ ಮದುವೆಗಳಲ್ಲಿ ಊಟಕ್ಕೆ ಬಂದವರ ಎದುರೇ ರೊಟ್ಟಿ ಬಡಿಯುವ ಕೌಂಟರು ಇರಬೇಕಲ್ಲ, ವೇಲುವಿನ ಕೌಂಟರಿನಲ್ಲಿ ಬಡಿಯುತ್ತಿದ್ದವಳು ಅವಳು. ದೋಣಿ ತೂಬಿನ ಹತ್ತಿರ ಬರುವಾಗ ಕಾಲಿನ ಕೆಳಗೆ ನೀರು ಕಾಣಿಸಿತು. ಎಲ್ಲರೂ ಒಂದೇ ಬದಿಗೆ ಎದ್ದರು. ದೋಣಿ ವಾಲಿ, ತೂಬಿನ ಕಲ್ಲಿಗೂ ದೋಣಿಯ ಅಂಚಿಗೂ ನಡುವೆ ಶಾಂತವ್ವನ ಬಲ ಮಣಿಕಟ್ಟು ಸಿಕ್ಕಿತು. ಉಳಿದವರು ಸೊಂಟದ ತನಕ ನೆನೆದು ನಡೆದುಕೊಂಡು ದಡಕ್ಕೆ ಬಂದರು. ಅವಳ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು, ಇಲ್ಲದಿದ್ದರೆ ಕೈ ತಿರುಗುವುದಿಲ್ಲ ಎಂದರು ಡಾಕ್ಟರು. ತಿರುಗದ ಕೈಯಲ್ಲಿ ರೊಟ್ಟಿ ಆಗುವುದಿಲ್ಲ.

ಈಗ ನಮ್ಮ ಕಂಪನಿಯ ಕಾರ್ಯದಕ್ಷತೆ ನೋಡಿ. ದೋಣಿಯ ಕ್ಲೇಮಿಗೆ ನಷ್ಟ ಅಳೆಯುವ ಸರ್ವೇಯರ್ ಹೋದರು. ವೇಲು ಪ್ರಾಮಾಣಿಕ, ಬಿರಡೆ ಕಳೆದಿಲ್ಲ, ಭದ್ರವಾಗಿದೆ ಎಂದು ತೋರಿಸಲು ಪೂಜೆಯ ಫೋಟೊವನ್ನು ತಾನೇ ಕೊಟ್ಟ. ದೋಣಿ ಮುಳುಗುವಾಗ ಬಿರಡೆ ಮರ್ಫಿ ಟೌನಿನಲ್ಲಿ ಹೂವು ಮುಡಿದು ಕೂತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ರೀಜನಲ್ ಆಫೀಸು ಪ್ರಶ್ನೆ ಕಳಿಸಿತು: ನಿಂಬೆಹಣ್ಣು ಇಡಿಯದೋ, ಕತ್ತರಿಸಿದ್ದೋ? ಅದು ಧಾರ್ಮಿಕ ಉದ್ದೇಶಕ್ಕೆ ಇಟ್ಟದ್ದೋ, ತಾಂತ್ರಿಕ ಉದ್ದೇಶಕ್ಕೋ? ಇಷ್ಟು ಸೂಕ್ಷ್ಮವಾಗಿ ಆ ಆಫೀಸು ಯೋಚಿಸಿದ್ದನ್ನು ನಾನು ಹಿಂದೆ ಮುಂದೆ ಕಂಡಿಲ್ಲ. ಕೊನೆಗೆ, ನೀರಿಗಿಳಿಯಲು ಯೋಗ್ಯವಾಗಿರದ ದೋಣಿ ಎಂದು ಆ ಕ್ಲೇಮ್ ತಳ್ಳಿಹಾಕಿದರು. ಅದು ಸರಿಯೇ. ವೇಲುವಿಗೂ ಹಾಗೇ ಹೇಳಿದೆ.

"ದೋಣಿ ಹೋಗ್ಲಿ ಬಿಡಕ್ಕಾ. ಶಾಂತವ್ವಂದು?" ಎಂದ. ಕಟ್ಟು ಹಾಕಿಸಿದ್ದು ಅವನೇ. ಆಪರೇಷನ್ನು, ಆಮೇಲೆ ತಿಂಗಳುಗಟ್ಟಲೆ ಅವಳು ಕೂತು ಉಣ್ಣುವುದು ಅವನ ಕೈ ಮೀರಿತ್ತು. ಸೀಸನ್ನಿಗೆಂದು ಇದ್ದಬದ್ದದ್ದನ್ನೆಲ್ಲ ಕುರ್ಚಿ, ಕೊಪ್ಪರಿಗೆಗೆ ಸುರಿದಿದ್ದ.

ನಾನು ಶ್ರೀಕಂಠ ಸರ್ ಮುಂದೆ ಹೋದೆ. ದೋಣಿಯ ಕ್ಲೇಮ್ ಬೇರೆ, ಹತ್ತಿದವರ ಹೊಣೆ ಬೇರೆ ಎಂದೆ. ಮಾಲೀಕನ ಎಚ್ಚರಗೇಡಿತನಕ್ಕೇ ಆ ಕವರ್ ಇರುವುದು. ಅವನು ಎಚ್ಚರವಾಗಿದ್ದರೆ ಯಾರ ಕೈ ಯಾಕೆ ಮುರಿಯುತ್ತದೆ? ಅದನ್ನು ಅವರು ಒಪ್ಪಿದರು. ಒಪ್ಪಿ ಕನ್ನಡಕ ತೆಗೆದರು. ಕನ್ನಡಕ ತೆಗೆದರೆಂದರೆ ಇನ್ನೊಂದು ಬಾಗಿಲು ಮುಚ್ಚುತ್ತಾರೆ ಎಂದರ್ಥ.

"ಆಕೆ ಅವನ ಎಂಪ್ಲಾಯೀ ಕಣ್ರೀ. ಕೆಲಸದವರು ಈ ಪಾಲಿಸೀಲಿ ಬರಲ್ಲ, ನೀವೇ ಅವನಿಗೆ ಹೇಳಿದ್ದೀರಿ. ಪೋರ್ಟಿನಲ್ಲಿ ನಾನು ಇಂಥಾವು ಎಷ್ಟು ನೋಡಿಲ್ಲ!"

"ಅವತ್ತು ಅವಳು ಕೆಲಸಕ್ಕೆ ಬಂದಿರಲಿಲ್ಲ ಸರ್. ಹಬ್ಬಕ್ಕೆ ಬಂದಿದ್ದಳು."

"ಅಂತ ನೀವು ಹೇಳ್ತೀರಿ. ಅಡುಗೆ ಕಾಂಟ್ರಾಕ್ಟರ್ ಮನೆ ಹಬ್ಬಕ್ಕೆ ಅಡುಗೆಯವಳು ಬಂದಿದ್ದಾಳೆ. ಊಟಾನೂ ಆಗಿದೆ. ಮಾಡಿದ್ಯಾರು? ಪ್ರೂಫ್ ತನ್ನಿ, ಪಾಸ್ ಮಾಡೋಣ."

ಅತಿಥಿ ಎಂಬುದಕ್ಕೆ ಪ್ರೂಫ್. ಬಡವರು ಕೆಲಸ ಮಾಡುತ್ತಿಲ್ಲ ಎಂದು ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ತಿಳಿಯಿತು. ನನ್ನ ಅಮ್ಮ ಇಂದಿರಾನಗರದ ಮನೆಗಳಿಗೆ ಮದುವೆ ಕರೆಯೋಲೆ ಹಿಡಿದುಕೊಂಡು ಹೋದಾಗಲೂ ಹಿಂಬಾಗಿಲಲ್ಲೇ ಕರೆದು, ಅಲ್ಲೇ ಇದ್ದ ಪಾತ್ರೆ ತೋರಿಸುತ್ತಿದ್ದರು.

ಭಾನುವಾರ ಶಾಂತವ್ವನ ರೂಮಿಗೆ ಹೋದೆ. ಒಂದೇ ಕೋಣೆ. ಮೂಲೆಯಲ್ಲಿ ಸ್ಟವ್, ಗೋಡೆಗೆ ಒರಗಿಸಿದ ಚಾಪೆ, ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ಜೋತುಬಿದ್ದ ಅವಳ ಕೈ. ಗಂಡ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದ.

"ಬರ್ರಿ ಮ್ಯಾಡಮ್ಮಾರ. ಚಾ ಮಾಡ್ಲಾಕ ಕೈ ಇಲ್ಲ, ಬೈಕೋಬ್ಯಾಡ್ರಿ."

"ಚಹಾ ಬಿಡಮ್ಮ. ಅವತ್ತು ಏನೇನಾಯ್ತು ಹೇಳು. ಊಟ ಎಲ್ಲಿ ಮಾಡಿದೆ?"

"ಎಲಿ ಹಾಕಿ ಎಲ್ಲರ ಜೋಡಿನೇ ಕುಂದರ್ಸಿದ್ರಿ. ಹೋಟೆಲ್‌ದಿಂದ ತರ್ಸಿದ್ರು. ಬರೇ ಅನ್ನರಿ! ಅನ್ನ, ಅನ್ನದ ಮ್ಯಾಲ ಸಾರು, ಮತ್ತ ಅನ್ನದ್ದೇ ಪಾಯಸ. ಹೊಟ್ಟಿ ತುಂಬೋದೇನ್ರಿ ಅದ್ರಾಗ? ಒಂದೆರಡು ರೊಟ್ಟಿ ಬಡ್ಕೊಂಡು ತಿನ್ಬೇಕಂದ್ರ ನನ್ನ ಹಂಚ ಪೂಜಿಗಿ ಕುಂತದ."

"ನಿನ್ನ ಹಂಚು? ರೊಟ್ಟಿ ಸುಡೋ ಕಾವಲೀನಾ?"

"ಹೂಂ ಮತ್ತ. ಊರಿಂದ ತಂದಿದ್ದು, ಗೋಡೌನ್‌ದಾಗ ಇಡ್ತೀನ್ರಿ. ಅವರ ಸುತ್ತಿಗಿ ಅಷ್ಟೇ ಆಯುಧೇನು? ನಂದೂ ಇಡ್ರಿ ಅಂದೆ. ಹಂಚು, ಹಿಟ್ಟು ನಾದೋ ಪರಾತ, ಎರಡೂ ನಾನೇ ವಿಭೂತಿ ಹಚ್ಚಿ ಇಟ್ಟೀನಿ. ಪೂಜಿಗಿಟ್ಟಿದ್ದು ಯಾರರ ಮುಟ್ಟತಾರೇನ್ರಿ? ಹಸಕೊಂಡೇ ದೋಣಿ ಹತ್ತಿದೆ, ಸುಡ್ಲಿ."

ನಾನು ಅಲ್ಲೇ ಚಾಪೆಯ ಮೇಲೆ ಕೂತು ಫೋನು ತೆಗೆದೆ. ಆ ಫೋಟೊವನ್ನು ನಾನೂ ಹತ್ತಾರು ಸಲ ನೋಡಿದ್ದೆ, ಎಲ್ಲರ ಹಾಗೆ ಬಿರಡೆಯನ್ನು ಮಾತ್ರ. ಬೆರಳಿನಿಂದ ದೊಡ್ಡದು ಮಾಡಿದೆ. ಬಿರಡೆಯ ಎಡಕ್ಕೆ, ಚೆಂಡುಹೂವಿನ ಕೆಳಗೆ ಕಪ್ಪು ಹಂಚು. ಅದಕ್ಕೊರಗಿದ ಪರಾತ. ಎರಡರ ಮೇಲೂ ಮೂರು ಬೆರಳಿನ ವಿಭೂತಿ.

"ಯಾಕ್ರಿ ಮ್ಯಾಡಮ್ಮಾರ, ಒಬ್ರೇ ನಗ್ತೀರಿ?" ಎಂದಳು ಶಾಂತವ್ವ.

ಸೋಮವಾರ ಶ್ರೀಕಂಠ ಸರ್ ಮೇಜಿನ ಮೇಲೆ ಫೋಟೊ ಇಟ್ಟೆ.

"ಇದು ನೋಡಿರೋದೇ ಅಲ್ವೇನ್ರೀ? ಬೂಚು."

"ಬೂಚಿನ ಪಕ್ಕ ನೋಡಿ ಸರ್. ಅದು ಅವಳ ಹಂಚು. ಪೂಜೆಗಿಟ್ಟಿದೆ. ಅವತ್ತು ಪೂರ್ತಿ ಯಾರೂ ಮುಟ್ಟಂಗಿಲ್ಲ. ಹಂಚಿಲ್ಲದೆ ರೊಟ್ಟಿಯವಳು ಏನು ಕೆಲಸ ಮಾಡ್ತಾಳೆ?"

"ಬೇರೆ ಏನಾದ್ರೂ ಮಾಡಿರ್ತಾಳೆ. ತರಕಾರಿ ಹೆಚ್ಚಿರ್ತಾಳೆ."

"ಈಳಿಗೆಮಣೆ ಬಲಗಡೆ ಇದೆ ಸರ್. ಸೌಟು ಹಿಂದೆ ಇದೆ. ಕೊಪ್ಪರಿಗೆ ಅಷ್ಟೂ ಇದೆ. ಊಟ ಹೋಟೆಲಿಂದ ಬಂದಿದೆ, ಬಿಲ್ಲು ವೇಲು ಕೊಡ್ತಾನೆ. ಆ ಗೋಡೌನಿನಲ್ಲಿ ಅವತ್ತು ಕೆಲಸ ಅನ್ನೋದೇ ಇರಲಿಲ್ಲ. ಇದ್ದವರೆಲ್ಲ ನೆಂಟರು."

"ಟೆಂಪೋ ಓಡ್ಸಿದ್ರಲ್ರೀ? ಪೂಜೆ ಮಾಡಿದ್ ಟೆಂಪೋ!"

"ನೀವೂ ಪೂಜೆ ಮಾಡಿದ ಕಾರಲ್ಲೇ ಮನೆಗೆ ಹೋದ್ರಿ ಸರ್. ಕೀಬೋರ್ಡ್ ಮಾತ್ರ ಮುಟ್ಟಲಿಲ್ಲ. ರಿನ್ಯೂವಲ್ಲಿಗೆ ಬಂದವರಿಗೆ ಬೂಂದಿ ಕೊಟ್ಟು ಏನಂದ್ರಿ?"

ಅವರು ಮತ್ತೆ ಕನ್ನಡಕ ತೆಗೆದರು.

"ಪೂಜೆಗಿಟ್ಟ ಆಯುಧಕ್ಕೆ ವಿಶ್ರಾಂತಿ ಅಂದ್ರಿ. ಆಯುಧಕ್ಕೆ ರಜೆ ಆದ್ರೆ ಅದನ್ನ ಹಿಡಿಯೋ ಕೈಗೂ ರಜೆ ತಾನೇ? ಅಲ್ಲ ಅಂದ್ರೆ ಹೇಳಿಬಿಡಿ. ರಜೆಯ ಹಿಂದಿನ ಮಧ್ಯಾಹ್ನ ಪೂರ್ತಿ ನಮ್ಮ ಬ್ರಾಂಚು ಡ್ಯೂಟಿ ಮೇಲಿದ್ದೂ ಕೆಲಸ ಮಾಡಲಿಲ್ಲ ಅಂತ ನಾನೇ ರೀಜನಲ್ ಆಫೀಸಿಗೆ ಬರೀತೀನಿ."

ಶ್ರೀಕಂಠ ಸರ್ ಕನ್ನಡಕ ಹಾಕಿಕೊಂಡರು. ಫೋಟೊವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ವಿಭೂತಿ ಚೆನ್ನಾಗಿ ಹಚ್ಚಿದ್ದಾಳೆ" ಎಂದರು. ಆಮೇಲೆ ತಾವೇ ಕೂತು ಶಿಫಾರಸು ಬರೆದರು. ಚೆನ್ನಾಗಿಯೇ ಬರೆದರು, ಧರ್ಮದ ವಿಷಯ ಬಂದರೆ ಪೋರ್ಟ್ ನೋಡಿದವರ ಕೈ ಓಡುತ್ತದೆ. ರೀಜನಲ್ ಆಫೀಸಿನಲ್ಲೂ ಕೀಬೋರ್ಡಿಗೆ ಕುಂಕುಮ ಹಚ್ಚುವವರೇ ಇದ್ದರು. ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಶಾಂತವ್ವನ ಆಪರೇಷನ್ ಆಯಿತು. ಕೂತು ಉಣ್ಣುವ ತಿಂಗಳುಗಳಿಗೂ ಸಿಕ್ಕಿತು. ಆಮೇಲೆ ಮೇಲಿನಿಂದ ಒಂದು ಸುತ್ತೋಲೆ ಬಂತು: ವಿಹಾರ ದೋಣಿಗಳ ಮಾಲೀಕರು ತಳದ ತೂತಿಗೆ ಹಣ್ಣು, ತರಕಾರಿ ಮತ್ತಿತರ ಕೃಷಿ ಉತ್ಪನ್ನಗಳನ್ನು ಬಳಸತಕ್ಕದ್ದಲ್ಲ. ಪೋರ್ಟಲ್ಲಿನಲ್ಲಿ ಕೆರೆ ಎಂಬ ಮಾತು ನಾನು ನಿವೃತ್ತಳಾಗುವ ತನಕ ಬರಲಿಲ್ಲ.

ನಿವೃತ್ತಿಯ ನಂತರದ ಮೊದಲ ಆಯುಧ ಪೂಜೆಗೆ ವೇಲು ಕರೆದ. ಆ ಹೊತ್ತಿಗೆ ಕೆಲಸದವರ ಪಾಲಿಸಿಯನ್ನೂ ಮಾಡಿಸಿದ್ದ. ಮುಂದಿನ ತಿಂಗಳು ಕೊನೆಗೂ ಬಂದಿತ್ತು. ದೋಣಿಗೆ ತೇಪೆ ಹಾಕಿಸಿದ್ದ. ಮಧ್ಯಾಹ್ನ ಕೆರೆಗೆ ಹೋದೆವು. ಶಾಂತವ್ವ ಹಿಂದಿನ ದಿನವೇ ಬಡಿದಿಟ್ಟ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಈ ಸಲ ಹಸಿದುಕೊಂಡು ಕೂರುವ ಪೈಕಿ ಅಲ್ಲ ಅವಳು. ನನಗೊಂದು ಕೊಟ್ಟಳು. ಒಂದು ಬದಿ ತೆಳು, ಇನ್ನೊಂದು ಬದಿ ಸ್ವಲ್ಪ ದಪ್ಪ.

"ಕೈ ಇನ್ನಾ ಒಂದೀಟು ವಾರಿ ತಿರಗ್ತದ್ರಿ. ತಿನ್ರಿ, ಹೊಟ್ಟಿಗಿ ಏನ್ ಗೊತ್ತಾಗ್ತದ."

ದೋಣಿ ಹತ್ತು ಎಂದರೆ ಮಾತ್ರ ಒಪ್ಪಲಿಲ್ಲ. ದಡದ ಕಲ್ಲಿನ ಮೇಲೆ ಕಾಲು ಚಾಚಿ ಕೂತಳು.

"ಅಕ್ಕಾ, ನೀನಾದ್ರೂ ಬಾ" ಎಂದ ವೇಲು.

ನಾನು ಜೀವಮಾನವಿಡೀ ಮರೈನ್ ಸೀಟಿನಲ್ಲಿ ಕೂತವಳು. ಹಡಗುಗಳ ಹೆಸರು, ಬಂದರುಗಳ ಹೆಸರು ಬಾಯಿಪಾಠ. ದೋಣಿಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. "ಬೂಚು ತೋರ್ಸು ಮೊದಲು" ಎಂದೆ. ಬಗ್ಗಿ ತೋರಿಸಿದ; ಹಿತ್ತಾಳೆ, ಗಟ್ಟಿಯಾಗಿ ತಿರುಗಿಸಿತ್ತು. ಪೂಜೆಗೆ ಹೊಸದೊಂದು ಕೊಂಡು ಇಟ್ಟಿದ್ದನಂತೆ. ಸೆರಗು ಸಿಕ್ಕಿಸಿಕೊಂಡು, ಅವನ ಭುಜ ಹಿಡಿದು ಒಂದು ಕಾಲು ಒಳಗಿಟ್ಟೆ. ದೋಣಿ ವಾಲಿತು.

ದಡದಿಂದ ಶಾಂತವ್ವ ಕೂಗಿದಳು:

"ಮ್ಯಾಡಮ್ಮಾರ! ಡ್ಯೂಟಿ ಮ್ಯಾಲ ಹತ್ತಾಕತ್ತೀರೋ, ಬೀಗರಾಗಿ ಹತ್ತಾಕತ್ತೀರೋ? ಈಗೇ ಹೇಳಿ ಹತ್ರಿ. ಆಮ್ಯಾಲ ನನ್ನ ಹಂಚು ಸಾಕ್ಷಿ ಹೇಳೂದಿಲ್ಲ!"

"ಬೀಗರಾಗಿ ಕಣಮ್ಮಾ, ಬೀಗರಾಗಿ!" ಎಂದು ಕೂಗಿ ಇನ್ನೊಂದು ಕಾಲನ್ನೂ ಒಳಗಿಟ್ಟೆ. ವೇಲು ಮೋಟರು ಎಳೆದ. ದಡ ಸ್ವಲ್ಪ ದೂರವಾದ ಮೇಲೆ ಶಾಂತವ್ವ ಕೈ ಬೀಸಿದಳು, ಬಲಗೈ. ನಮಗೇ.